ಕೆಳಗಿನ ಶೀಟು

ಅವಳ ಎಡಗೈಯಲ್ಲಿ ಎರಡು ಬೆರಳು ಇರಲಿಲ್ಲ.

ತೋರುಬೆರಳು ಬುಡದಿಂದಲೇ ಹೋಗಿತ್ತು. ನಡುಬೆರಳಿನಲ್ಲಿ ಒಂದು ಗೆಣ್ಣು ಉಳಿದಿತ್ತು. ಉಳಿದ ಆ ತುಂಡು ಚಳಿಯಲ್ಲಿ ನೋಯುತ್ತಿತ್ತು, ಬೇರೆ ಯಾವ ಉಪಕಾರವನ್ನೂ ಮಾಡುತ್ತಿರಲಿಲ್ಲ. ಮನೆಮನೆಗೆ ಊಟ ತಲುಪಿಸುವ ಕೆಲಸದವರು ಅವಳಿಗೆ ಎಂಟಕ್ಕ ಎಂದು ಹೆಸರಿಟ್ಟಿದ್ದರು. ಹೋಟೆಲಿನ ಹಿಂಬಾಗಿಲಲ್ಲಿ ಆರ್ಡರಿಗೆ ಕಾಯುತ್ತ ನಿಂತಿದ್ದಾಗ ಒಬ್ಬ, "ಅಕ್ಕಾ, ನಿಂಗೆ ಹತ್ತರ ತನಕ ಎಣಿಸೋಕೆ ಬರುತ್ತಾ?" ಎಂದು ಕಿಚಾಯಿಸಿದ್ದ.

"ಎಂಟರ ತನಕ ಬರುತ್ತೆ. ಇನ್ನೆರಡನ್ನ ನಿನ್ನ ಕೆನ್ನೆ ಮೇಲೆ ಎಣಿಸ್ತೀನಿ, ಹತ್ರ ಬಾ."

ಸುತ್ತ ಇದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕೇಳಿದವನೂ ನಕ್ಕ. ಅವತ್ತಿನಿಂದ ಎಂಟಕ್ಕ. ಅವಳೂ ಬೇಜಾರು ಮಾಡಿಕೊಳ್ಳಲಿಲ್ಲ. ಹೆಸರಿಟ್ಟವರಲ್ಲಿ ಒಬ್ಬನಿಗೆ ಮಂಡಿಚಿಪ್ಪು ಹೋಗಿತ್ತು, ಇನ್ನೊಬ್ಬನಿಗೆ ಬೆನ್ನು ಹೋಗಿತ್ತು. ಹೊರಗೆ ಕಾಣುತ್ತಿರಲಿಲ್ಲ, ಅಷ್ಟೇ.

ವಯಸ್ಸು ಮೂವತ್ತಮೂರು. ಪ್ರೆಸ್ಸಿನಲ್ಲಿ ಹನ್ನೊಂದು ವರ್ಷ, ಈ ಕೆಲಸದಲ್ಲಿ ಎರಡು ವರ್ಷ. ಪ್ರೆಸ್ಸು ಎಂದರೆ ತಗಡು ಮಡಚುವ ಯಂತ್ರ. ಕೆಳಗೆ ಅಚ್ಚು, ಮೇಲೆ ಗುದ್ದು. ನಡುವೆ ತಗಡಿನ ಶೀಟು ಇಡಬೇಕು, ಕಾಲಲ್ಲಿ ಪೆಡಲು ಒತ್ತಬೇಕು, ಗುದ್ದು ಇಳಿಯುತ್ತದೆ, ಶೀಟು ಮಡಚುತ್ತದೆ, ಎತ್ತಿ ಪಕ್ಕಕ್ಕೆ ಹಾಕಬೇಕು. ಇಡು, ಒತ್ತು, ಎತ್ತು. ದಿನಕ್ಕೆ ಎರಡು ಸಾವಿರ ಸಲ. ರಾತ್ರಿ ನಿದ್ದೆಯಲ್ಲೂ ಅವಳ ಬಲಗಾಲು ಒತ್ತುತ್ತಲೇ ಇರುತ್ತಿತ್ತು. ಪಕ್ಕದಲ್ಲಿ ಮಲಗುವ ತಂಗಿ ಒದೆ ತಿಂದು ತಿಂದು, "ಅಕ್ಕಾ, ನನ್ನನ್ನ ಎಷ್ಟು ಸಲ ಮಡಚ್ತೀಯ?" ಎಂದು ಗೊಣಗುತ್ತಿದ್ದಳು.

ಆ ತಂಗಿಯೇ ಈಗ ಆ ಯಂತ್ರದ ಮುಂದೆ ಕೂರುತ್ತಿದ್ದಳು. ಅದೇ ಯಂತ್ರ, ಅದೇ ಸ್ಟೂಲು.

*

ಎಂಟಕ್ಕನ ಪಾಳಿಯ ಹೆಚ್ಚಿನ ಆರ್ಡರುಗಳು ಒಂದೇ ಕಟ್ಟಡದವು. ಏಳು ಮಹಡಿ, ಮಹಡಿಗೆ ಹದಿನಾರು ಬಾಗಿಲು. ಎರಡು ಲಿಫ್ಟು. ಒಂದು ಮನೆಯವರಿಗೆ. ಇನ್ನೊಂದು ಸಾಮಾನಿಗೆ, ಕಸಕ್ಕೆ ಮತ್ತು ಊಟ ತರುವವರಿಗೆ. ಈ ಎರಡನೆಯದು ತಿಂಗಳಲ್ಲಿ ಅರ್ಧದಷ್ಟು ದಿನ ಕೆಟ್ಟಿರುತ್ತಿತ್ತು. ಆಗ ಮೆಟ್ಟಿಲು. ಬೆನ್ನಿಗೆ ಚೌಕದ ಚೀಲ, ಕೈಯಲ್ಲಿ ಕಾಫಿ ಲೋಟಗಳ ರಟ್ಟಿನ ತಟ್ಟೆ, ಹಲ್ಲಿನಲ್ಲಿ ಒಮ್ಮೊಮ್ಮೆ ಬಿಲ್ಲು. ಏಳನೇ ಮಹಡಿ ಮುಟ್ಟುವಷ್ಟರಲ್ಲಿ ತೊಡೆ ನಡುಗುತ್ತಿತ್ತು. ಉಸಿರು ಬಿಡುವ ಸದ್ದು ಬಾಗಿಲಾಚೆ ಕೇಳಬಾರದೆಂದು ಮೆಟ್ಟಿಲ ತುದಿಯಲ್ಲಿ ನಿಂತು ಹದಿನೈದು ಎಣಿಸಿ ಆಮೇಲೆ ಬೆಲ್ ಒತ್ತುತ್ತಿದ್ದಳು. ಒಮ್ಮೆ ಒಬ್ಬರು, "ಮುಖದ ಮೇಲೆ ಉಸಿರು ಬಿಡ್ಬೇಡಿ" ಎಂದಿದ್ದರು.

ಮೊದಲು ಊಟವನ್ನು ಕೈಗೇ ಕೊಡುವುದಿತ್ತು. ಅವಳು ಬಲಗೈಯಲ್ಲಿ ಕೊಡುತ್ತಿದ್ದಳು. ಎರಡು ಪೊಟ್ಟಣ ಇದ್ದರೆ ಎಡಗೈ ಮುಂದೆ ಬರಲೇಬೇಕು. ಮೂರನೇ ಮಹಡಿಯ ಹನ್ನೊಂದನೇ ಮನೆಯ ಹೆಂಗಸು ಒಂದು ಮಧ್ಯಾಹ್ನ ಚಾಚಿದ ಕೈಯನ್ನು ಅರ್ಧದಲ್ಲೇ ಹಿಂದಕ್ಕೆ ಎಳೆದುಕೊಂಡಳು.

"ಅದು... ಅಂಟುತ್ತಾ?"

ಎಂಟಕ್ಕನಿಗೆ ಮೊದಲು ಅರ್ಥವಾಗಲಿಲ್ಲ. ಪೊಟ್ಟಣದ ಹೊರಗೆ ಸಾರು ಅಂಟಿದೆಯೇನೋ ಎಂದು ತಿರುಗಿಸಿ ನೋಡಿದಳು. ಆಮೇಲೆ ಆ ಹೆಂಗಸು ಎಲ್ಲಿ ನೋಡುತ್ತಿದ್ದಾಳೆಂದು ಕಂಡಿತು.

"ರೋಗ ಅಲ್ಲಮ್ಮ. ಮೆಷಿನ್ನು."

"ಹಾಂ, ಹಾಂ. ಅಲ್ಲೇ ಕೆಳಗಿಟ್ಟು ಹೋಗಿ."

ಇಟ್ಟಳು. ಬಗ್ಗಿ, ಚಪ್ಪಲಿ ಬಿಡುವ ಜಾಗದ ಪಕ್ಕದಲ್ಲಿ ಇಟ್ಟಳು.

ಹದಿನೈದು ದಿನದಲ್ಲಿ ಕಟ್ಟಡದ ಅಷ್ಟೂ ಬಾಗಿಲುಗಳಿಗೆ ಹೋಲ್ಡರು ಬಂತು. ಗೇಟಿನ ಕಾವಲುಗಾರ, ಎಲ್ಲರೂ ಗೇಟಣ್ಣ ಎನ್ನುವ ಮುದುಕ, ಅವಳನ್ನು ಕಂಡವನೇ ರಿಜಿಸ್ಟರು ಮಡಚಿ ಹಲ್ಲು ಕಿರಿದ.

"ಬಾ ತಾಯಿ. ನಿನ್ನ ದೆಸೆಯಿಂದ ನೂರ ಹನ್ನೆರಡು ಬಾಗಿಲಿಗೂ ಕತ್ತಿಗೊಂದು ಹಾರ ಬಿತ್ತು. ನನ್ನ ಮದುವೇಲೂ ಇಷ್ಟು ಹಾರ ಇರಲಿಲ್ಲ."

"ಏನು ಹಾರ?"

"ಮೇಲೆ ಹೋಗಿ ನೋಡು. ಇನ್ಮೇಲೆ ಕೈಗೆ ಕೊಡೋ ಹಾಗಿಲ್ಲ. ನೇತುಹಾಕಿರೋ ಹಲಗೆ ಮೇಲೆ ಇಡ್ಬೇಕು, ಫೋಟೋ ಹೊಡೀಬೇಕು, ಬೆಲ್ ಒತ್ಬೇಕು, ಅವರು ಬಾಗಿಲು ತೆಗೆಯೋದ್ರೊಳಗೆ ಮೆಟ್ಟಿಲು ಇಳೀಬೇಕು. ನೋಟೀಸು ಓದ್ಲಾ? 'ತರುವವರ ಕೈಗಳ ಸ್ವಚ್ಛತೆಯ ದೃಷ್ಟಿಯಿಂದ...'"

"ಬೇಡ ಬಿಡಣ್ಣ. ಕೈ ಯಾರದು ಅಂತ ಗೊತ್ತು."

ಅವಳು ಮೇಲೆ ಹೋದಳು. ಮೊದಲ ಬಾಗಿಲಲ್ಲೇ ನಿಂತುಬಿಟ್ಟಳು.

ಕಪ್ಪು ಬಣ್ಣ ಬಳಿದ ತಗಡಿನ ಪಟ್ಟಿ. ಮೇಲ್ತುದಿ ಕೊಕ್ಕೆಯಂತೆ ಬಾಗಿಲಿನ ತಲೆಗೆ ಸಿಕ್ಕಿಕೊಂಡಿತ್ತು. ಎದೆಮಟ್ಟದಲ್ಲಿ ಪಟ್ಟಿ ಮುಂದಕ್ಕೆ ಮಡಚಿ ಒಂದು ಹಲಗೆಯಾಗಿತ್ತು. ಪೊಟ್ಟಣಕ್ಕೂ ಲೋಟಕ್ಕೂ ಅದೊಂದೇ ಜಾಗ. ಹಲಗೆಯ ಮುಂದೆ ತಡೆಯಾಗಿ ಒಂದು ಅಂಚು ಇರಬೇಕಿತ್ತು. ಇರಲಿಲ್ಲ. ಅಂಚು ಮಡಚಲು ಇನ್ನೊಂದು ಏಟು ಬೇಕು. ಆ ಏಟನ್ನು ಉಳಿಸಿದವನು ಯಾರೆಂದು ಅವಳಿಗೆ ಗೊತ್ತಿತ್ತು. ಈ ಹೋಲ್ಡರುಗಳ ಮೊದಲ ಸಾವಿರವನ್ನು ಮಡಚಿದ್ದು ಅವಳೇ. ಬೆರಳು ಹೋದದ್ದು ಅದರಲ್ಲೇ.

ಅವಳು ಹಲಗೆಯ ಕೆಳಗೆ, ಮಡಿಕೆ ಇರುವಲ್ಲಿ, ಹೆಬ್ಬೆರಳು ಆಡಿಸಿದಳು. ಬಣ್ಣದಡಿ ಉದ್ದಕ್ಕೆ ಒಂದು ಗೀರು ಸಿಕ್ಕಿತು. ಪಕ್ಕದ ಬಾಗಿಲಿಗೆ ಹೋದಳು. ಗೀರಿಲ್ಲ, ನುಣ್ಣಗೆ. ಅದರ ಪಕ್ಕದ್ದಕ್ಕೆ ಗೀರಿತ್ತು. ಎಂಟಕ್ಕನ ಬಾಯಿಂದ ಒಂದು ಬೈಗುಳ ಬಂತು. ಬೆಲ್ ಒತ್ತಿರಲಿಲ್ಲವಾದ್ದರಿಂದ ಯಾರಿಗೂ ಕೇಳಲಿಲ್ಲ.

*

"ಈಗಲೂ ಎರಡೆರಡು ಇಡ್ತಿದ್ದೀರಾ?"

ತಂಗಿ ತಟ್ಟೆಯಿಂದ ತಲೆ ಎತ್ತಲಿಲ್ಲ. ಇಬ್ಬರಿಗೂ ಸೇರಿ ಒಂದೇ ಕೋಣೆ. ಮಾತು ತಪ್ಪಿಸಿಕೊಂಡು ಹೋಗಲು ಇನ್ನೊಂದು ಕೋಣೆ ಇರಲಿಲ್ಲ.

"ನಿನ್ನನ್ನೇ ಕೇಳ್ತಿರೋದು ಕಣೆ."

"ಎಲ್ಲರೂ ಇಡ್ತಾರೆ."

"ಗಾರ್ಡು?"

"ಗೋಡೆಗೆ ಒರಗಿಸಿಟ್ಟಿದಾರೆ. ತಪಾಸಣೆಗೆ ಯಾರಾದ್ರೂ ಬಂದ್ರೆ ಹಾಕ್ತಾರೆ. ಬಂದೋರು ಫೋಟೋ ತಗೊಂಡು ಹೋಗ್ತಾರೆ. ಆಮೇಲೆ ಮತ್ತೆ ಗೋಡೆಗೆ."

ಗಾರ್ಡು ಎಂದರೆ ಗುದ್ದಿನ ಮುಂದೆ ಬಿಗಿಯುವ ಕಬ್ಬಿಣದ ಜಾಲರಿ. ಅದರ ಕೆಳಗೆ ಒಂದು ಶೀಟು ನುಗ್ಗುವಷ್ಟೇ ಸಂದು. ಕೈ ನುಗ್ಗುವುದಿಲ್ಲ. ಎರಡು ಶೀಟೂ ನುಗ್ಗುವುದಿಲ್ಲ. ಎರಡು ಶೀಟು ಒಂದರ ಮೇಲೊಂದು ಇಟ್ಟು ಒಂದೇ ಏಟಿಗೆ ಮಡಚಿದರೆ ಕೆಲಸ ಅರ್ಧ ಹೊತ್ತಿನಲ್ಲಿ ಮುಗಿಯುತ್ತದೆ ಎಂದು ಮಾಲೀಕ ಕಂಡುಹಿಡಿದಿದ್ದ. ಹಾಗೆ ಇಡಬೇಕೆಂದರೆ ಗಾರ್ಡು ತೆಗೆಯಬೇಕು. ತೆಗೆದರು. ಹಾಗೆ ಮಡಚಿದಾಗ ಮೇಲಿನ ಶೀಟು ಸರಿಯಾಗಿ ಬರುತ್ತದೆ. ಕೆಳಗಿನದು ಒಂದಿಷ್ಟು ಬಾಯಿ ಬಿಟ್ಟುಕೊಂಡೇ ಉಳಿಯುತ್ತದೆ, ಅಚ್ಚಿಗೆ ಉಜ್ಜಿ ಅದರ ಹೊರಮೈಗೆ ಒಂದು ಗೀರೂ ಬೀಳುತ್ತದೆ. ಕಣ್ಣಿಗೆ ಎರಡೂ ಒಂದೇ. ಬಣ್ಣ ಬಳಿದ ಮೇಲಂತೂ ಹೆತ್ತವರಿಗೂ ಗುರುತು ಸಿಗುವುದಿಲ್ಲ. ಆದರೆ ಬಾಗಿಲಿಗೆ ತೂಗುಹಾಕಿದಾಗ ಕೆಳಗಿನ ಶೀಟಿನ ಹಲಗೆ ಮುಂದಕ್ಕೆ ಇಳಿಜಾರು. ಪೊಟ್ಟಣ ಕೂರುತ್ತದೆ. ಲೋಟ ಜಾರುತ್ತದೆ.

ಎಣ್ಣೆ ಹತ್ತಿದ ಕೆಳಗಿನ ಶೀಟು ಕೆಲವೊಮ್ಮೆ ಅಚ್ಚಿಗೆ ಕಚ್ಚಿಕೊಳ್ಳುತ್ತದೆ. ಎಬ್ಬಿಸಲು ಬೆರಳು ಹಾಕಬೇಕು. ಎಂಟಕ್ಕ ಹಾಕಿದ್ದಳು. ಕಾಲು ಒತ್ತಿತೋ, ಯಂತ್ರ ತಾನೇ ಎರಡನೇ ಸಲ ಇಳಿಯಿತೋ, ಇವತ್ತಿಗೂ ಅವಳಿಗೆ ಗೊತ್ತಿಲ್ಲ. ನೋವಿಗಿಂತ ಮೊದಲು ಸದ್ದು ನೆನಪಿದೆ. ದಿನಾ ಕೇಳುವ ಸದ್ದೇ, ಆದರೆ ಸ್ವಲ್ಪ ಮೆತ್ತಗೆ.

ಆಸ್ಪತ್ರೆಗೆ ಮಾಲೀಕ ತಾನೇ ಬಂದಿದ್ದ. ಹಣ್ಣು ತಂದಿದ್ದ. ಒಂದು ಕಾಗದವನ್ನೂ ತಂದಿದ್ದ. 'ನನ್ನ ಸ್ವಂತ ಅಜಾಗರೂಕತೆಯಿಂದ' ಎಂದು ಅದರಲ್ಲಿತ್ತು. "ಸೈನ್ ಹಾಕಮ್ಮ. ನಿನ್ನ ಜಾಗ ನಿನ್ನ ತಂಗಿಗೆ. ಬೇರೆ ಯಾರಿಗೂ ಕೊಡಲ್ಲ, ನನ್ನ ಮಾತು" ಎಂದ. ಎಡಗೈ ಹತ್ತಿಯ ಉಂಡೆಯಾಗಿ ದಿಂಬಿನ ಮೇಲಿತ್ತು. ಬಲಗೈ ಚೆನ್ನಾಗಿತ್ತು. ಸಹಿ ಹಾಕಿದಳು. ಕಾಗದ ಜಾರದಂತೆ ಮಾಲೀಕನೇ ಹಿಡಿದುಕೊಂಡ.

ತನ್ನ ಬೆರಳು ಹೋದ ಜಾಗದಲ್ಲಿ ತಂಗಿಯನ್ನು ಕೂರಿಸಿ ಬಂದವಳು ತಾನೇ ಎಂಬುದು ಎಂಟಕ್ಕನಿಗೆ ಊಟ ಸೇರದಂತೆ ಮಾಡುವ ವಿಚಾರ. ಅದಕ್ಕೇ ಅವಳು ದಿನಾ ಸಂಜೆ ಏನಾದರೊಂದು ನೆಪ ತೆಗೆದು ತಂಗಿಯ ಕೈ ನೋಡುತ್ತಿದ್ದಳು. ಉಗುರು ಬೆಳೆದಿದೆ ಎನ್ನುತ್ತಿದ್ದಳು. ಎಣ್ಣೆ ಸರಿಯಾಗಿ ತೊಳೆದಿಲ್ಲ ಎನ್ನುತ್ತಿದ್ದಳು. ತಂಗಿಗೆ ಗೊತ್ತಾಗುತ್ತಿತ್ತು. ಹತ್ತೂ ಬೆರಳನ್ನು ಅಗಲಿಸಿ ಅವಳ ಮುಖಕ್ಕೆ ಹಿಡಿಯುತ್ತಿದ್ದಳು.

"ಇದೆ ನೋಡು. ಎಲ್ಲಾ ಇದೆ. ಬೇಕಾದ್ರೆ ರಸೀದಿ ಕೊಡ್ಲಾ?"

*

ಎಂಟಕ್ಕ ನಾಲ್ಕು ದಿನದಲ್ಲಿ ಎಲ್ಲ ಬಾಗಿಲುಗಳನ್ನೂ ಹೆಬ್ಬೆರಳಲ್ಲಿ ಓದಿ ಮುಗಿಸಿದಳು. ಐವತ್ತೆಂಟು ಕೆಳಗಿನ ಶೀಟುಗಳು. ಯಾವ ಮಹಡಿ, ಯಾವ ಬಾಗಿಲು, ಬಾಯಿಪಾಠ.

ಆ ಬಾಗಿಲುಗಳಿಗೆ ಅವಳೊಂದು ಉಪಾಯ ಮಾಡಿದಳು. ಕಾಫಿ ತರುವ ರಟ್ಟಿನ ತಟ್ಟೆ ಹರಿದು, ಮಡಚಿ, ತುಂಡುಗಳನ್ನು ಜೇಬಿನಲ್ಲಿ ತುಂಬಿಕೊಳ್ಳುತ್ತಿದ್ದಳು. ಲೋಟದ ಬುಡಕ್ಕೆ, ಮುಂದಿನ ಬದಿಗೆ ಒಂದು ತುಂಡು ಒತ್ತಿದರೆ ಲೋಟ ನೆಟ್ಟಗೆ ನಿಲ್ಲುತ್ತಿತ್ತು. ಒಂದು ತಿಂಗಳು ಆ ಕಟ್ಟಡದಲ್ಲಿ ಅವಳು ಇಟ್ಟ ಒಂದು ಲೋಟವೂ ಬೀಳಲಿಲ್ಲ. ಬೇರೆಯವರು ಇಟ್ಟದ್ದು ಬೀಳುತ್ತಿತ್ತು. ಅವರಿಗೂ ಹೇಳಿಕೊಟ್ಟಳು. ಒಬ್ಬ, "ನಿನ್ನಷ್ಟು ತಾಳ್ಮೆ ನನಗೆಲ್ಲಿ ಎಂಟಕ್ಕ, ಬಿದ್ರೆ ಬೀಳ್ಲಿ" ಎಂದ. ಬಿತ್ತು. ಅವನ ಐಡಿ ಹೋಯಿತು. ಐಡಿ ಎಂದರೆ ಫೋನಿನೊಳಗಿನ ಕೆಲಸ. ಅದು ಹೋದರೆ ಆರ್ಡರು ಬರುವುದಿಲ್ಲ, ಯಾರನ್ನು ಕೇಳಬೇಕೆಂದೂ ಗೊತ್ತಾಗುವುದಿಲ್ಲ. ಮೂರು ದೂರಿಗೆ ಐಡಿ ಹೋಗುತ್ತಿತ್ತು.

ಅವಳಿಗೆ ಮೊದಲ ದೂರು ಬಂದದ್ದು ಫೋಟೋದಿಂದ. ಫೋಟೋದಲ್ಲಿ ಬಾಗಿಲು, ಹೋಲ್ಡರು, ಪೊಟ್ಟಣ ಕಾಣಬೇಕು. ತಲುಪಿಸುವವರು ಕಾಣಬಾರದು. ಅವತ್ತು ರಟ್ಟು ಸರಿಯಾಗಿ ಕೂರದೆ ಲೋಟ ಜಾರುತ್ತಿದ್ದುದರಿಂದ ಅವಳು ಎಡಗೈಯಲ್ಲಿ ತಡೆಹಿಡಿದು ಬಲಗೈಯಲ್ಲಿ ಫೋಟೋ ತೆಗೆದಳು. ಸಂಜೆ ಫೋನಿಗೆ ಸಂದೇಶ ಬಂತು: 'ಚಿತ್ರದಲ್ಲಿ ಅನಗತ್ಯ ವಸ್ತು ಕಂಡುಬಂದಿದೆ.' ಕೆಳಗೆ ಅದೇ ಫೋಟೋ. ಅವಳ ಕೈಯ ಸುತ್ತ ಕೆಂಪು ಗೆರೆ ಎಳೆದಿದ್ದರು.

ಅವಳು ಅದನ್ನು ತಂಗಿಗೆ ತೋರಿಸಿದಳು. ತಂಗಿ ಬಹಳ ಹೊತ್ತು ನೋಡಿದಳು.

"ಅನಗತ್ಯ ಅಂದ್ರೆ ಯಾವುದು? ಇರೋ ಬೆರಳಾ, ಇಲ್ದೇ ಇರೋ ಬೆರಳಾ?"

ಇಬ್ಬರೂ ನಗಲಿಲ್ಲ.

ಎರಡನೇ ದೂರು ರಟ್ಟಿನ ತುಂಡಿನದು. ಯಾರೋ ಅದರ ಫೋಟೋ ತೆಗೆದು ಕಟ್ಟಡದವರ ಗುಂಪಿಗೆ ಹಾಕಿದ್ದರಂತೆ. 'ನಮ್ಮ ಬಾಗಿಲು ಕಸದ ಬುಟ್ಟಿಯಾ?' ಎಂದು ಬರೆದಿದ್ದರಂತೆ. ಗೇಟಣ್ಣ ಮುಖ ಸಪ್ಪಗೆ ಮಾಡಿಕೊಂಡು ಹೇಳಿದ:

"ಇನ್ಮೇಲೆ ಜೇಬು ತೋರಿಸಿ ಒಳಗೆ ಹೋಗ್ಬೇಕಂತೆ. ರಟ್ಟು ಒಳಗೆ ಬಿಡಬೇಡ ಅಂದಿದಾರೆ. ನನ್ನನ್ನ ಬೈಬೇಡ."

"ರಟ್ಟು ಇಡ್ದೇ ಇದ್ರೆ ಲೋಟ ಬೀಳುತ್ತಣ್ಣ."

"ಅದನ್ನ ಅವರಿಗೆ ಹೇಳು."

"ಯಾರಿಗೆ ಹೇಳ್ಲಿ? ಬಾಗಿಲು ತೆಗೆಯೋದ್ರೊಳಗೆ ಮೆಟ್ಟಿಲು ಇಳೀಬೇಕು ಅಂತ ನೀನೇ ಹೇಳಿದೀಯ. ಬಾಗಿಲಿಗೇ ಹೇಳ್ಲಾ?"

ಗೇಟಣ್ಣ ಅವಳ ಜೇಬಿನ ಹೊರಗಿನಿಂದ ಕೈ ಸವರಿದ. ಒಳಗೆ ಕೈ ಹಾಕಲಿಲ್ಲ, ಮರ್ಯಾದೆ ಇತ್ತು ಅವನಿಗೆ. ಅವಳೇ ರಟ್ಟಿನ ತುಂಡುಗಳನ್ನು ತೆಗೆದು ಅವನ ಮೇಜಿನ ಮೇಲೆ ಸುರಿದಳು.

ರಟ್ಟು ನಿಂತ ಐದನೇ ದಿನ ಮಧ್ಯಾಹ್ನ ಮೂರನೇ ಮಹಡಿಯ ಹನ್ನೊಂದನೇ ಬಾಗಿಲಿಗೆ ಎರಡು ಕಾಫಿ. ಆ ಬಾಗಿಲು ಕೆಳಗಿನ ಶೀಟು ಎಂದು ಅವಳಿಗೆ ಗೊತ್ತಿತ್ತು. ಲೋಟಗಳನ್ನು ಆದಷ್ಟೂ ಹಿಂದಕ್ಕೆ, ಬಾಗಿಲಿಗೆ ತಾಗುವಂತೆ ಇಟ್ಟಳು. ಕೈ ಬಿಟ್ಟಳು. ನಿಂತವು. ಫೋಟೋ ತೆಗೆದಳು, ಕೈ ಬರದಂತೆ. ಬೆಲ್ ಒತ್ತಿದಳು. ಮೆಟ್ಟಿಲು ಇಳಿಯಲಿಲ್ಲ. ಬಾಗಿಲ ಆಚೆ ಹೆಜ್ಜೆ ಕೇಳಿದ ಕೂಡಲೇ ಕೂಗಿದಳು.

"ಅಮ್ಮಾ, ನಿಧಾನ ತೆಗೀರಿ! ಲೋಟ ಜಾರುತ್ತೆ!"

ಒಳಗಿನ ಹೆಜ್ಜೆ ನಿಂತಿತು. "ಯಾರು? ಇನ್ನೂ ಯಾಕೆ ನಿಂತಿದೀರಾ ಅಲ್ಲಿ?"

"ಕಾಫಿ ಅಮ್ಮಾ. ನಿಧಾನ..."

"ಹೋಗಿ ಮೊದಲು!"

ಅವಳು ಮೂರು ಮೆಟ್ಟಿಲು ಇಳಿದಳು. ಬಾಗಿಲು ಸರಕ್ಕನೆ ಒಳಕ್ಕೆ ತೆರೆಯಿತು. ಹೋಲ್ಡರು ಬಾಗಿಲ ಜೊತೆ ಹೋಯಿತು. ಲೋಟಗಳು ಹೋಗಲಿಲ್ಲ.

*

ಕಟ್ಟಡದ ನಿವಾಸಿಗಳ ಸಂಘದ ಆಫೀಸು ನೆಲಮಹಡಿಯಲ್ಲಿತ್ತು. ಒಂದು ಮೇಜು, ನಾಲ್ಕು ಕುರ್ಚಿ, ಮೂಲೆಯಲ್ಲಿ ನೀರಿನ ಕ್ಯಾನು, ಕಾಗದದ ಲೋಟಗಳು. ಮೇಜಿನಾಚೆ ಸಂಘದ ಕಾರ್ಯದರ್ಶಿ, ಬಿಳಿ ಗಡ್ಡ ಟ್ರಿಮ್ ಮಾಡಿದ ನಿವೃತ್ತ ಮನುಷ್ಯ. ಪಕ್ಕದಲ್ಲಿ ಊಟ ತಲುಪಿಸುವ ಕಂಪನಿಯ ಸೂಪರ್‌ವೈಸರು, ಎಂಟಕ್ಕನಿಗಿಂತ ಎಂಟು ವರ್ಷ ಚಿಕ್ಕವನು. ಮೇಜಿನ ಮೇಲೆ ಹನ್ನೊಂದನೇ ಮನೆಯ ಹೋಲ್ಡರನ್ನು ಕಳಚಿ ತಂದು ಇಟ್ಟಿದ್ದರು, ಸಾಕ್ಷಿಗೆ. ಅದರ ಪಕ್ಕದಲ್ಲಿ ಕಾಫಿ ಕಲೆಯ ಬಿಳಿ ಚಪ್ಪಲಿ, ಜೋಡಿಯಲ್ಲಿ ಒಂದು. ಹನ್ನೊಂದನೇ ಮನೆಯ ಹೆಂಗಸು ಬಂದಿರಲಿಲ್ಲ. ಚಪ್ಪಲಿ ಕಳಿಸಿದ್ದಳು.

ಕುರ್ಚಿ ಖಾಲಿ ಇತ್ತು. ಕೂರು ಎಂದು ಯಾರೂ ಹೇಳಲಿಲ್ಲ.

"ನೋಡಮ್ಮ," ಎಂದ ಕಾರ್ಯದರ್ಶಿ. "ಕಾಲಿಗೆ ಬಿಸಿ ಬಿದ್ದಿದೆ. ದೊಡ್ಡ ಗಾಯ ಆಗಿಲ್ಲ, ಪುಣ್ಯ. ನಿನ್ನ ಹೊಟ್ಟೆ ಮೇಲೆ ಹೊಡೆಯೋ ಉದ್ದೇಶ ನಮಗಿಲ್ಲ. ನಿನ್ನ ಪರಿಸ್ಥಿತಿ ಕಾಣುತ್ತೆ."

ಪರಿಸ್ಥಿತಿ ಎನ್ನುವಾಗ ಅವನು ಅವಳ ಎಡಗೈ ನೋಡಿದ.

ಸೂಪರ್‌ವೈಸರು ಒಂದು ಕಾಗದವನ್ನು ಮುಂದಕ್ಕೆ ತಳ್ಳಿದ. "ಅಕ್ಕಾ, ನಾನು ನಿಮ್ಮ ಪರವಾಗಿ ಬಹಳ ಮಾತಾಡಿದೀನಿ. ಮೂರು ದೂರು ಆಗಿದೆ, ಲೆಕ್ಕದ ಪ್ರಕಾರ ಐಡಿ ಹೋಗ್ಬೇಕು. ಹೋಗೋದು ಬೇಡ. ಇದಕ್ಕೊಂದು ಸೈನ್ ಹಾಕಿ ಸಾಕು. ಈ ಬಿಲ್ಡಿಂಗ್ ಬಿಟ್ಟು ಬೇರೆ ಕಡೆ ಹಾಕ್ತೀವಿ. ಕುಡಿಯೋ ಐಟಂ ನಿಮಗೆ ಕೊಡಲ್ಲ. ಅಷ್ಟೇ."

ಅವಳು ಓದಿದಳು. 'ನನ್ನ ಕೈಯ ದೋಷದಿಂದಾಗಿ ಲೋಟವನ್ನು ಸರಿಯಾಗಿ ಇರಿಸಲು ಸಾಧ್ಯವಾಗದೆ' ಎಂಬಲ್ಲಿಗೆ ಬಂದು ನಿಲ್ಲಿಸಿದಳು.

"ಲೋಟ ಬಿದ್ದಿದ್ದು ನನ್ನ ಕೈಯಿಂದ ಅಲ್ಲ ಸಾರ್. ಹೋಲ್ಡರ್ ಇಳಿಜಾರಿದೆ."

"ಎಲ್ಲಾ ಬಾಗಿಲಿಗೂ ಅದೇ ಹೋಲ್ಡರ್ ಇದೆಯಲ್ಲಮ್ಮ," ಎಂದ ಕಾರ್ಯದರ್ಶಿ.

"ಅದೇ ಅಲ್ಲ. ಐವತ್ತೆಂಟು ಬೇರೆ ಇವೆ. ಬೆರಳು ಆಡಿಸಿದ್ರೆ ಗೊತ್ತಾಗುತ್ತೆ."

ಬೆರಳು ಎಂದಾಗ ಸೂಪರ್‌ವೈಸರು ಕೆಮ್ಮಿದ.

ಎಂಟಕ್ಕ ಮೇಜಿನ ಮೇಲಿದ್ದ ಹೋಲ್ಡರು ಎತ್ತಿಕೊಂಡಳು. ಬೇಡ ಬೇಡ ಎನ್ನುವುದರೊಳಗೆ ಆಫೀಸಿನ ಬಾಗಿಲಿನ ಹೊರಬದಿಗೆ ಸಿಕ್ಕಿಸಿದಳು. ಅಲ್ಲಿ ಆಫೀಸಿನದೇ ಒಂದು ಹೋಲ್ಡರು ಮೊದಲೇ ನೇತಾಡುತ್ತಿತ್ತು, ನೋಟೀಸು ಇಡಲು. ಈಗ ಎರಡು, ಅಕ್ಕಪಕ್ಕ. ಕ್ಯಾನಿನಿಂದ ಎರಡು ಲೋಟ ನೀರು ಹಿಡಿದಳು.

"ನಾನು ಮುಟ್ಟಲ್ಲ. ನೀವೇ ಇಡಿ ಸಾರ್. ಹತ್ತು ಬೆರಳಲ್ಲಿ ಇಡಿ."

"ಏನು ತಮಾಷೆ ಇದು?"

"ಇಡಿ ಸಾರ್. ಒಂದು ಸಲ."

ಬಾಗಿಲ ಹೊರಗೆ ಗೇಟಣ್ಣ ಬಂದು ನಿಂತಿದ್ದ. ಅವನ ಎದುರು ಹಿಂಜರಿದರೆ ಚೆನ್ನಾಗಿರುವುದಿಲ್ಲ ಎಂದೋ ಏನೋ, ಕಾರ್ಯದರ್ಶಿ ಎದ್ದು ಹೊರಗೆ ಬಂದು ಬಾಗಿಲು ಮುಚ್ಚಿದ. ಎರಡು ಕೈಯಲ್ಲೂ ಹಿಡಿದು ಮೊದಲ ಲೋಟವನ್ನು ಆಫೀಸಿನ ಹೋಲ್ಡರಿನ ಮೇಲಿಟ್ಟ. ಎರಡನೆಯದನ್ನು ಹನ್ನೊಂದನೇ ಮನೆಯದರ ಮೇಲಿಟ್ಟ. ಹಿಂದೆ ಸರಿಸಿದ. ಇನ್ನೂ ಹಿಂದೆ ಸರಿಸಿದ. ಕೈ ಬಿಟ್ಟ. ಎರಡೂ ನಿಂತವು. ಕಾರ್ಯದರ್ಶಿ ಅವಳ ಕಡೆ ತಿರುಗಿ, ನೋಡಿದೆಯಾ ಎನ್ನುವಂತೆ ಹುಬ್ಬು ಹಾರಿಸಿದ.

"ಈಗ ಬಾಗಿಲು ತೆಗೀರಿ. ಮನೇಲಿ ತೆಗೆಯೋ ಹಾಗೆ."

ಅವನು ಬಾಗಿಲನ್ನು ಸರಕ್ಕನೆ ಒಳಕ್ಕೆ ತಳ್ಳಿದ.

ಒಂದು ಲೋಟ ಇದ್ದಲ್ಲೇ ಇತ್ತು. ಇನ್ನೊಂದು ಜಾರಿ ಗೇಟಣ್ಣನ ಬೂಟಿನ ಮೇಲೆ ಬಿತ್ತು.

"ತಣ್ಣೀರು. ಪುಣ್ಯ," ಎಂದ ಗೇಟಣ್ಣ, ನೆಲ ನೋಡುತ್ತ.

ಎಂಟಕ್ಕ ಕಾದಳು. ಅವಳಿಗೆ ನಿಜವಾಗಿಯೂ ಅನಿಸಿತ್ತು, ಈಗ ಹೇಳುತ್ತಾರೆ ಎಂದು. ಹೌದಮ್ಮ, ಇದು ಜಾರುತ್ತೆ ಎಂದು. ಮೂರು ಪದ ಸಾಕಿತ್ತು, ಎರಡಾದರೂ ಸಾಕಿತ್ತು. ಕಾರ್ಯದರ್ಶಿ ಕರವಸ್ತ್ರ ತೆಗೆದು ಒಂದೊಂದೇ ಬೆರಳು ಒರೆಸಿಕೊಂಡ. ಕುರ್ಚಿಗೆ ಹೋಗಿ ಕೂತ.

"ಹೋಲ್ಡರ್ ವಿಷಯ ಸಂಘದ ಮೀಟಿಂಗ್‌ನಲ್ಲಿ ಬರುತ್ತೆ. ಅದು ಬೇರೆ. ಇವತ್ತಿನ ವಿಷಯ ನಿನ್ನ ಕೈ."

"ಈಗ ನಿಮ್ಮ ಕೈಯಿಂದಲೂ ಬಿತ್ತಲ್ಲ ಸಾರ್!"

"ನಾನು ಡೆಲಿವರಿ ಕೆಲಸ ಮಾಡಲ್ಲಮ್ಮ."

ಸೂಪರ್‌ವೈಸರು ಎದ್ದು ಅವಳ ಹತ್ತಿರ ಬಂದು ದನಿ ಇಳಿಸಿದ. "ಅಕ್ಕಾ, ಯಾಕೆ ಸುಮ್ನೆ ಎಳೀತೀರಾ? ನೀವು ಹೇಳೋದು ಸರಿಯೇ ಇರಬಹುದು. ಸೈನ್ ಹಾಕಿ, ನಾಳೆಯಿಂದ ಕೆಲಸ. ಇದರಲ್ಲಿ ಕಳ್ಕೊಳ್ಳೋದೇನಿದೆ?"

ಅವನು ಪೆನ್ನು ಕೊಟ್ಟ. ಅವಳು ಇಸಿದುಕೊಂಡಳು. ಸೂಪರ್‌ವೈಸರು ಕಾಗದವನ್ನು ನೇರ ಮಾಡಿ, ಜಾರದಂತೆ ಮೇಲ್ತುದಿಯನ್ನು ಬೆರಳಲ್ಲಿ ಒತ್ತಿ ಹಿಡಿದ.

ಆ ಬೆರಳನ್ನು ಅವಳು ನೋಡಿದಳು. ಮಾಲೀಕನೂ ಹೀಗೇ ಹಿಡಿದಿದ್ದ. ಅವಳ ಕೈ ಕತ್ತರಿಸಿದಾಗಲೂ, ಅವಳ ಕೈಯನ್ನು ಬೈಯುವಾಗಲೂ, ಬರೆದುಕೊಡಲು ಮಾತ್ರ ಅವಳದೇ ಕೈ ಬೇಕು. ಬರೆಯುವ ಕೈ ಯಾರಿಗೂ ಅಸಹ್ಯವಿಲ್ಲ. ಅದಕ್ಕೆ ಹೋಲ್ಡರೂ ಬೇಡ. ಕಾಗದ ಹಿಡಿದು ಪಕ್ಕದಲ್ಲೇ ನಿಲ್ಲುತ್ತಾರೆ, ಉಸಿರು ತಾಗುವಷ್ಟು ಹತ್ತಿರ.

"ಒಂದ್ಸಲ ಬರೆದುಕೊಟ್ಟಿದೀನಿ," ಎಂದಳು.

"ಏನು?"

"ನನ್ನ ತಪ್ಪು ಅಂತ. ಎರಡು ವರ್ಷದ ಹಿಂದೆ. ಬೆರಳು ನನ್ನದು ಹೋಯ್ತು, ತಪ್ಪೂ ನನ್ನದೇ ಅಂತ ಬರೆದುಕೊಟ್ಟೆ. ಈ ತಗಡಿಗೇ. ಇದೇ ತಗಡು ಸಾರ್ ಇದು. ಇದನ್ನ ಮಡಚೋವಾಗಲೇ ಹೋಗಿದ್ದು. ಅವತ್ತು ಬರೆದುಕೊಟ್ಟಿದ್ದಕ್ಕೇ ಇವತ್ತು ಇದು ನಿಮ್ಮ ಬಾಗಿಲಿಗೆ ಬಂದು ನೇತಾಡ್ತಿದೆ. ಇನ್ನೊಂದ್ಸಲ ಬರೆದುಕೊಟ್ರೆ ಇದು ಇನ್ನೆಲ್ಲಿಗೆ ಹೋಗುತ್ತೋ."

ಎಡಗೈಯಲ್ಲಿ ಉಳಿದ ಬೆರಳುಗಳ ನಡುವೆ ಪೆನ್ನು ಹಿಡಿದು, ಬಲಗೈಯಲ್ಲಿ ಮುಚ್ಚಳ ಹಾಕಿದಳು. ಬಿಳಿ ಚಪ್ಪಲಿಯ ಪಕ್ಕದಲ್ಲಿ ಇಟ್ಟಳು.

"ಹಾಕಲ್ಲ."

"ಐಡಿ ಹೋಗುತ್ತಕ್ಕ."

"ಗೊತ್ತು."

"ಯೋಚನೆ ಮಾಡಿ. ಬೇರೆ ಕಂಪನಿಯವರೂ ತಗೊಳ್ಳಲ್ಲ. ಎಲ್ಲಾ ಕಡೆ ಕಾಣುತ್ತೆ."

"ಗೊತ್ತು ಅಂದ್ನಲ್ಲ. ಎಷ್ಟು ಸಲ ಹೇಳಿಸ್ತೀಯೋ?"

ಸೂಪರ್‌ವೈಸರಿನ ಮುಖ ಕೆಂಪಾಯಿತು. ಅವನು ಫೋನು ತೆಗೆದು ಹೆಬ್ಬೆರಳಲ್ಲಿ ಮೂರು ಕಡೆ ಒತ್ತಿದ. ಅವಳ ಜೇಬಿನಲ್ಲಿದ್ದ ಫೋನು ಒಮ್ಮೆ ನಡುಗಿ ಸುಮ್ಮನಾಯಿತು. ಒಂದು ಏಟು, ಅಷ್ಟೇ. ಪ್ರೆಸ್ಸಿನದಕ್ಕೆ ಸದ್ದಾದರೂ ಇತ್ತು.

ಅವಳು ಹೊರಗೆ ಬಂದಳು. ಬೆನ್ನಿನ ಚೌಕದ ಚೀಲ ಕಂಪನಿಯದು, ಗೇಟಿನಲ್ಲಿ ಬಿಚ್ಚಿಕೊಡಬೇಕು. ಬಿಚ್ಚಿಕೊಟ್ಟಳು. ಗೇಟಣ್ಣ ಮೇಜಿನ ಖಾನೆ ಎಳೆದು ರಟ್ಟಿನ ತುಂಡುಗಳನ್ನು ತೆಗೆದ. ಎಸೆದಿರಲಿಲ್ಲ.

"ತಗೊಂಡು ಹೋಗ್ತೀಯಾ?"

"ಏನು ಮಾಡ್ಲಿ ಅದನ್ನ?"

"ನನಗೇನು ಗೊತ್ತು. ನಿನ್ನದಲ್ವಾ ಅಂತ ಕೇಳ್ದೆ."

*

ಅವಳು ತಂಗಿಗೆ ಎಲ್ಲ ಹೇಳಿದಳು. ಲೋಟ ಬಿದ್ದದ್ದು, ಕಾರ್ಯದರ್ಶಿ ಬೆರಳು ಒರೆಸಿಕೊಂಡದ್ದು, ಕಾಗದ, ಪೆನ್ನು. ಹೇಳುವಾಗ ದನಿ ಏರಿತು. ಗೋಡೆಯಾಚೆಯ ಮನೆಯವರು ಗೋಡೆಗೆ ಗುದ್ದಿದರು. ಕೊನೆಗೆ ತಂಗಿ ಒಂದೇ ಪ್ರಶ್ನೆ ಕೇಳಿದಳು.

"ಅವತ್ತು ಸೈನ್ ಹಾಕಿದ್ದು ನನ್ನ ಕೆಲಸಕ್ಕಾ?"

ಎಂಟಕ್ಕ ಅದನ್ನು ಅವಳಿಗೆ ಯಾವತ್ತೂ ಹೇಳಿರಲಿಲ್ಲ. ಈಗ ಸಿಟ್ಟಿನ ಭರದಲ್ಲಿ ಬಾಯಿ ಜಾರಿತ್ತು.

"ಮಲಗು ಹೋಗು," ಎಂದಳು.

ಮರುದಿನ ತಂಗಿ ಮಾಮೂಲಿನಂತೆ ಎದ್ದು ಹೋದಳು. ಎಂಟಕ್ಕ ಕೋಣೆ ಗುಡಿಸಿದಳು. ಗುಡಿಸಿದ್ದನ್ನೇ ಮತ್ತೆ ಗುಡಿಸಿದಳು. ಹನ್ನೊಂದು ಗಂಟೆಗೆ ಗೇಟಣ್ಣ ಫೋನು ಮಾಡಿದ. ಸಂಘದ ತುರ್ತು ಮೀಟಿಂಗ್ ಆಯಿತಂತೆ. ಹೊಸ ನೋಟೀಸು ಬಂದಿದೆಯಂತೆ. ಅವನು ಓದಿ ಹೇಳಿದ: 'ಇನ್ನು ಮುಂದೆ ಪಾನೀಯಗಳನ್ನು ಹೋಲ್ಡರಿನಲ್ಲಿ ಇಡದೆ ಬಾಗಿಲ ಮುಂದೆ ನೆಲದ ಮೇಲೆ ಇಡತಕ್ಕದ್ದು.'

"ಹೋಲ್ಡರು?"

"ಹಾಗೇ ಇರುತ್ತೆ. ಊಟಕ್ಕೆ."

"ನನ್ನ ಐಡಿ?"

"ಅದನ್ನ ನೋಟೀಸಲ್ಲಿ ಬರೆದಿಲ್ಲ ಎಂಟಕ್ಕ."

ಹೋಲ್ಡರಿನಿಂದ ಲೋಟ ಜಾರುತ್ತದೆ ಎಂದು ಒಪ್ಪಿಕೊಂಡರು. ಅವಳ ಕೈ ಬೀಳಿಸಲಿಲ್ಲ ಎಂದು ಮಾತ್ರ ಒಪ್ಪಲಿಲ್ಲ. ಅವಳು ಫೋನು ಇಟ್ಟು, ಎದುರಿಗೆ ಯಾರೂ ಇಲ್ಲದ್ದರಿಂದ, ಪೊರಕೆಯನ್ನು ಗೋಡೆಗೆ ಎಸೆದಳು.

ಪೊರಕೆ ಎತ್ತಿಕೊಳ್ಳುವಾಗ ಬಾಗಿಲು ತೆರೆಯಿತು. ತಂಗಿ. ಊಟದ ಡಬ್ಬಿ ಕೈಯಲ್ಲಿತ್ತು, ಬಿಚ್ಚಿರಲಿಲ್ಲ. ಎಂಟಕ್ಕ ಮೊದಲು ನೋಡಿದ್ದು ಅವಳ ಕೈ. ನೆಪ ತೆಗೆಯಲೂ ಹೊತ್ತಿರಲಿಲ್ಲ. ಎರಡೂ ಕೈ ಹಿಡಿದು ತಿರುಗಿಸಿ ನೋಡಿದಳು.

"ಇದೆ," ಎಂದಳು ತಂಗಿ. "ಎಲ್ಲಾ ಇದೆ."

"ಮತ್ತೆ ಈ ಹೊತ್ತಿಗೆ ಯಾಕೆ ಬಂದೆ?"

"ಗಾರ್ಡ್ ಹಾಕ್ದೆ."

"ಏನು?"

"ಗೋಡೆಗೆ ಒರಗಿಸಿದ್ದನ್ನ ತಂದು ಬಿಗಿದೆ. ಒಂದೊಂದೇ ಶೀಟು ಇಟ್ಟೆ. ಹತ್ತು ಗಂಟೆಗೆ ಮಾಲೀಕ ಬಂದ. ಯಾರು ಹಾಕಿದ್ದು ಅಂದ. ನಾನು ಅಂದೆ. ತೆಗೆ ಅಂದ. ತೆಗೆಯಲ್ಲ ಅಂದೆ. ನಿನ್ನ ಅಕ್ಕ ಹೇಳಿಕೊಟ್ಟಿದ್ದಾ ಅಂದ. ಅಕ್ಕ ಅಲ್ಲ, ಅಕ್ಕನ ಕೈ ಹೇಳಿಕೊಡ್ತು ಅಂದೆ." ಅವಳು ಡಬ್ಬಿ ಕೆಳಗಿಟ್ಟಳು. "ಆಚೆ ಹೋಗು ಅಂದ. ಬಂದೆ."

"ಉಳಿದೋರು?"

"ನೋಡ್ತಾ ಇದ್ರು."

ಎಂಟಕ್ಕ ಕೈ ಎತ್ತಿದಳು. ಹೊಡೆಯಲೆಂದೇ ಎತ್ತಿದಳು. ಎಡಗೈ.

"ಯಾರೇ ನಿನಗೆ ಹೇಳಿದ್ದು? ಒಬ್ಬಳು ಕಳ್ಕೊಂಡಿದ್ದು ಸಾಲದಾ ಈ ಮನೆಗೆ? ನಾನು ಹೇಗೋ ಏನೋ ಒಂದು ಮಾಡ್ಕೋತಿದ್ದೆ, ನಿನ್ನದಾದ್ರೂ ನಡೀತಿತ್ತು... ಬುದ್ಧಿ ಎಲ್ಲಿಟ್ಟಿದ್ದೆ?"

ತಂಗಿ ತಲೆ ತಗ್ಗಿಸಲೂ ಇಲ್ಲ, ಹಿಂದೆ ಸರಿಯಲೂ ಇಲ್ಲ. ಎತ್ತಿದ ಆ ಕೈಯನ್ನೇ ನೋಡುತ್ತ ನಿಂತಳು. ಅದು ಮೇಲೆಯೇ ಸ್ವಲ್ಪ ಹೊತ್ತು ಇತ್ತು. ಆಮೇಲೆ ಇಳಿಯಿತು.

"ಹೊಡೆಯೋದಾದ್ರೆ ಹೊಡಿ," ಎಂದಳು ತಂಗಿ. "ಆಮೇಲೆ ಊಟ ಮಾಡೋಣ. ಡಬ್ಬಿ ಆರಿಹೋಗಿದೆ."

ಎಂಟಕ್ಕ ಪೊರಕೆಯನ್ನು ಮೂಲೆಗೆ ಒರಗಿಸಿದಳು. ತಂಗಿ ಡಬ್ಬಿ ಬಿಚ್ಚಿ ಎರಡು ತಟ್ಟೆಗೆ ಹಂಚಿದಳು. ಮಧ್ಯಾಹ್ನದ ಹೊತ್ತು ಇಬ್ಬರೂ ಒಟ್ಟಿಗೆ ಆ ಕೋಣೆಯಲ್ಲಿ ಕೂತು ಉಂಡದ್ದು ಅವರಿಗೆ ನೆನಪಿರಲಿಲ್ಲ. ಹೊರಗೆ ಯಾರೋ ಊಟ ತಲುಪಿಸುವವನ ಬಂಡಿ ಹಾರ್ನ್ ಹೊಡೆಯುತ್ತ ಹೋಯಿತು. ಇಬ್ಬರೂ ಕತ್ತೆತ್ತಿ ಕೇಳಿ, ಮತ್ತೆ ತಟ್ಟೆಗೆ ತಲೆ ತಗ್ಗಿಸಿದರು.

ಯಂತ್ರದ ಮುಂದಿನ ಸ್ಟೂಲಿಗೆ ಮಧ್ಯಾಹ್ನದ ಪಾಳಿಯಲ್ಲೇ ಇನ್ನೊಬ್ಬಳು ಬಂದು ಕೂತಳು. ಗಾರ್ಡು ಗೋಡೆಗೆ ಹೋಯಿತು.

ಹೋದದ್ದು: ಎರಡು ಬೆರಳು, ಒಂದು ಐಡಿ, ಒಂದು ಸ್ಟೂಲು. ಮನೆಯಲ್ಲಿ ಜನ ಇಬ್ಬರು. ಬೆರಳು ಹದಿನೆಂಟು. ಕೆಲಸ ಸೊನ್ನೆ.